ಜಡೆಗೆ ಹೋಗಬೇಕಿದ್ದ ಕುರ್ಚಿ

"ಎಂತ ಮಾರಾಯ್ತಿ, ಮದುವೆ ಊಟಕ್ಕೆ ಬಂದೀಯೇನೇ? ಈ ಹುಡುಗಿಗೆ ಎಣ್ಣೆ ಹಚ್ಚಿ ತಲೆ ಬಾಚು ಅಂತ ನಿಂಗ್ಯಾರು ಹೇಳಿದ್ರು?"

ಸೇವಾ ಸಮಿತಿಯ ಕಾರ್ಯದರ್ಶಿ ರೇಣುಕಾಪ್ರಸಾದ್, ಮಮತಾ ಬೆಳಿಗ್ಗೆ ಎದ್ದು ಮಗಳಿಗೆ ಹಾಕಿದ್ದ ಎರಡು ಜುಟ್ಟನ್ನೂ ತಾನೇ ಬಿಚ್ಚಿ ಕೂದಲು ಕೆದರಿದ. ಫೋಟೋದಲ್ಲಿ ಕಷ್ಟ ಕಾಣಬೇಕಂತೆ. ಸ್ಟೇಜಿನ ಮೇಲೆ ಮಮತಾ ಒಂದೆರಡು ಹನಿ ಕಣ್ಣೀರು ಹಾಕಿದರೆ ಇನ್ನೂ ಚೆಂದವಂತೆ.

ಒಂಬತ್ತು ವರ್ಷದ ಸ್ಪಂದನಾಳಿಗೆ ಕಾಲು ನಿಲ್ಲುತ್ತಿರಲಿಲ್ಲ, ಮಾತು ಒಂದೊಂದಾಗಿ ತಡವರಿಸಿ ಬರುತ್ತಿತ್ತು. ಕಿವಿ ಮಾತ್ರ ಚುರುಕು. ಆದರೂ ಅವಳೆದುರು ಎಲ್ಲರೂ, ಕಂಬದೆದುರು ಮಾತಾಡಿದ ಹಾಗೆ, ಏನು ಬೇಕಾದರೂ ಮಾತಾಡುತ್ತಿದ್ದರು.

ಮಮತಾ ಎಲ್ಲವನ್ನೂ ನುಂಗಿಕೊಂಡಿದ್ದು ಸಮಿತಿ ಇವತ್ತು ದಾನ ಕೊಡಲಿದ್ದ ಗಾಲಿ ಕುರ್ಚಿಗಾಗಿ. ಮಗಳು ಬೆನ್ನ ಮೇಲೆ ಹೊರಲಾರದಷ್ಟು ಬೆಳೆದಿದ್ದಳು. ಕೂತು ಬರುವ ಹಾಗಾದರೆ ನಾಳೆಯೇ ಕರೆತನ್ನಿ ಎಂದು ಊರ ಶಾಲೆಯ ಟೀಚರ್ ಹೇಳಿದ್ದರು.

ಸೊರಬದ ಆ ಕಲ್ಯಾಣ ಮಂಟಪದ ಸ್ಟೇಜಿಗೆ ಬರೀ ಮೆಟ್ಟಿಲು. ಅಂಗವಿಕಲರ ಕಾರ್ಯಕ್ರಮಕ್ಕೆ ಅಷ್ಟು ಸಾಕು ತಾನೇ? ಇಬ್ಬರು ಗಂಡಸರು ಸ್ಪಂದನಾಳನ್ನು ಭತ್ತದ ಚೀಲದಂತೆ ಎತ್ತಿ ತಂದು ಕುರ್ಚಿಯಲ್ಲಿ ಹಾಕಿದರು. ಮುತ್ತೈದೆಯರು ಆರತಿ ಎತ್ತಿದರು. ಸಮಿತಿಯ ಅಧ್ಯಕ್ಷ ಶಾಂತವೀರಪ್ಪ ಮಗುವಿನ ತಲೆ ಸವರಿದರು. ಮಮತಾಳ ಗಂಡ ವೀರೇಶ ಗೊಬ್ಬರಕ್ಕೆಂದು ಕುರಿ ಮಂದೆ ತರುಬಿ ನಿಲ್ಲಿಸುವುದು ಇವರದೇ ಹೊಲದಲ್ಲಿ. ಬಿತ್ತನೆಯ ದಿನ ಈ ಮುಖ ಎದುರಾದರೆ ಬೆಳೆ ಬಂದ ಹಾಗೇ ಸೈ ಎಂದು ಇವರೇ ತಾಯಿ-ಮಗಳಿಬ್ಬರನ್ನೂ ಬೇಲಿಯಾಚೆ ಅಟ್ಟಿದ್ದರು. ಇವತ್ತು ಅದೇ ಮುಖಕ್ಕೆ ದೋಷವೆಲ್ಲ ಕಳೆದಿತ್ತು. ಈ ಮಹಾತಾಯಿ ನಮಗೆಲ್ಲ ಸ್ಫೂರ್ತಿ ಎಂದು ಮೈಕಿನಲ್ಲಿ ಗದ್ಗದಿತರಾಗಿ, ಮಗುವನ್ನು ಸವರಿದ ಕೈಯನ್ನು ಕರ್ಚೀಫಿನಲ್ಲಿ ಒರೆಸಿಕೊಂಡು ಊಟಕ್ಕೆ ಹೋದರು. ಮಮತಾಳ ಕಣ್ಣಲ್ಲಿ ನೀರು ಬರಲೇ ಇಲ್ಲ. ಕ್ಯಾಮೆರಾದವನಿಗೆ ಬೇಜಾರಾಯಿತು.

ಜನ ಊಟದ ಹಾಲಿಗೆ ನುಗ್ಗಿದರು. ರೇಣುಕಾಪ್ರಸಾದ್ ಬಂದ.

"ಇಳ್ಸೇ ಮಗಳನ್ನ. ನಾಳೆ ಜಡೆ ಊರಲ್ಲಿ ಪ್ರೋಗ್ರಾಮ್ ಅದೆ, ಕುರ್ಚಿ ಅಲ್ಲಿಗೆ ಹೋಗ್ಬೇಕು."

"ಕೊಟ್ರಲ್ರೀ ಈಗ."

"ಕೊಟ್ಟಿದ್ದು ಹೌದು. ಈಗ ರೊಟೇಷನ್. ನಿಂಗೆ ಶಾಲು ಬಂತಲ್ಲ, ಹೊದ್ಕೊಂಡು ಹೋಗು."

ಕುರಿಯವರಲ್ಲಿ ಒಂದು ರೂಢಿಯಿದೆ. ನಾಲ್ಕು ಜನರೆದುರು ಮರಿ ಕೊಟ್ಟರೆ, ತಗೊಂಡವರು ಅಲ್ಲೇ ಅದರ ಬೆನ್ನಿಗೆ ಬಣ್ಣದ ಕೈ ಒತ್ತುತ್ತಾರೆ. ಆಮೇಲೆ ಕೊಟ್ಟವನಪ್ಪ ಬಂದರೂ ವಾಪಸ್ ಕೇಳುವ ಹಾಗಿಲ್ಲ.

ಮಮತಾ ಆರತಿ ತಟ್ಟೆಯ ಓಕುಳಿಯಲ್ಲಿ ಅಂಗೈ ಅದ್ದಿದಳು. ಕುರ್ಚಿಯ ಬೆನ್ನಿಗೆ ದಾನಿಯ ಹೆಸರು ಅಂಟಿಸಿದ್ದ ಕಡೆಗೇ ಸರಿಯಾಗಿ ಒತ್ತಿದಳು. ಕೆಂಪು ನೀರು ಶಾಂತವೀರಪ್ಪನವರ ಹೆಸರಿನ ಮೇಲಿಂದ ಇಳಿಯಿತು.

"ಏ ಮುಂಡೆ, ತಲೆ ಕೆಟ್ಟದೇನೇ?"

"ಮುಂಡೆ ಯಾಕಾಗ್ಲಿ, ಗಂಡ ನಿಮ್ಮ ಧಣೀರ ಹೊಲ್ದಾಗೇ ಇದಾನೆ. ಕುರ್ಚಿ ನಮ್ಮ ಮಂದೆಗೆ ಸೇರ್ತು. ದಾರಿ ಬಿಡ್ರೀ."

ಅವಳು ಮುಂದೆ ಬಂದು ಕುರ್ಚಿಯನ್ನು ಮೆಟ್ಟಿಲ ಕಡೆ ಎಳೆದಳು. ಅವನು ಹಿಂದಿನಿಂದ ಕುರ್ಚಿಯ ಬೆನ್ನನ್ನು ಎದೆಗೆ ಅವುಚಿ ಹಿಡಿದ. ಬೋಳಿಮಗಳು, ಕುರಿ ಕಾಯೋ ಜಾತಿ, ಎಷ್ಟು ಮಾಡಿದರೂ ಇಷ್ಟೇ ಎಂದು ಒದರುತ್ತಲೇ ಇದ್ದ. ನಡುವೆ ಸ್ಪಂದನಾ ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದಿದ್ದಳು. ಊಟದ ಹಾಲಿನಿಂದ ಬಡಿಸುವ ಹೆಂಗಸರು ಸೌಟು ಹಿಡಿದೇ ಹೊರಬಂದು ನೋಡತೊಡಗಿದರು.

ಅವನು ಉಸಿರು ತಗೊಳ್ಳಲು ಒಂದು ಗಳಿಗೆ ಹಿಂದೆ ಸರಿದ. ಗಂಜಿ ಹಾಕಿದ ಬಿಳಿ ಅಂಗಿಯ ಎದೆಯ ಮೇಲೆ ಕೆಂಪಗೆ ಐದು ಬೆರಳು ಮೂಡಿದ್ದವು.

ಸ್ಪಂದನಾ ಕತ್ತು ಹೊರಳಿಸಿ ನೋಡಿದಳು.

"ಅವ್ವಾ... ಇವ್ನೂ... ನಮ್ದೇ."

ಸೌಟು ಹಿಡಿದವರು ಘೊಳ್ಳೆಂದು ನಕ್ಕರು. ಅವನು ಮತ್ತೆ ಕುರ್ಚಿಗೆ ಕೈ ಹಾಕಿದ. ಮುಂದಿನ ಗಾಲಿಗಳು ಆಗಲೇ ಮೊದಲ ಮೆಟ್ಟಿಲು ಇಳಿದಿದ್ದವು.