ನಲವತ್ತನೇ ನಿಮಿಷ

"ಆಯ್ತು, ತೆಗಿ" ಎಂದು ಮೂರನೇ ಬೆಂಚಿನಿಂದ ಗಟ್ಟಿಯಾಗಿ ದನಿ ಬಂದಾಗ ಹೊಸ ಪಾಸ್ಟರು 'ಆರಾಧನೆಯ ಉದ್ದೇಶ' ಎಂಬ ಪ್ರಸಂಗದ ಐದನೆಯ ಅಂಶದಲ್ಲಿದ್ದರು. ಒಟ್ಟು ಎಂಟು ಅಂಶಗಳಿದ್ದವು. ಸಭೆಯಲ್ಲಿ ಯಾರೂ ನಗಲಿಲ್ಲ. ನಗು ತಡೆಯಲಾಗದವರು ಕೀರ್ತನೆ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು.

ಹಾಗೆ ಅಂದವನು ಬೇಕರಿಯವನು. ಬೆಳಗಾಗುವ ಎಷ್ಟೋ ಮೊದಲೇ ಎದ್ದು ಹಿಟ್ಟು ನಾದುವ ಮನುಷ್ಯ, ಭಾನುವಾರ ಪ್ರಸಂಗ ಶುರುವಾದದ್ದೇ ತಡ ನಿದ್ದೆಗೆ ಜಾರುತ್ತಿದ್ದ. ಸರಿಯಾಗಿ ನಲವತ್ತು ನಿಮಿಷಕ್ಕೆ ಎಚ್ಚರವಾಗುತ್ತಿತ್ತು. ಅವನ ಭಟ್ಟಿಯಲ್ಲಿ ಬ್ರೆಡ್ಡು ಬೇಯಲು ಅಷ್ಟೇ ಹೊತ್ತು ಬೇಕು. ಹಳೆಯ ಪಾಸ್ಟರು ಮೂವತ್ತೊಂಬತ್ತಕ್ಕೇ ಮುಗಿಸುತ್ತಿದ್ದರಿಂದ ಹತ್ತೊಂಬತ್ತು ವರ್ಷ ಅವನ "ಆಯ್ತು, ತೆಗಿ" ಮುಂದಿನ ಕೀರ್ತನೆಯ ಗದ್ದಲದಲ್ಲಿ ಮುಳುಗಿಹೋಗಿತ್ತು. ಹೆಂಡತಿಯೊಬ್ಬಳನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹೊಸಬರು ಚಿಕ್ಕ ವಯಸ್ಸಿನವರು; ಹೇಳುವುದು ಬಹಳ ಇತ್ತು.

ಆರಾಧನೆ ಮುಗಿದ ಮೇಲೆ ಅವರು ಬಾಗಿಲಲ್ಲೇ ಅವನನ್ನು ತಡೆದರು.

"ನೋಡಿ, ನಾವು ಇಲ್ಲಿಗೆ ಬರೋದು ದೇವರನ್ನ ಆರಾಧಿಸೋಕೆ. ನಿದ್ದೆಗೆ ಮನೆ ಇದೆಯಲ್ಲ. ಎಚ್ಚರವಾಗಿ ಕೂತ್ಕೊಳ್ಳೋಕೆ ಆಗಲ್ಲ ಅಂದ್ರೆ ಬರದೇ ಇದ್ರೂ ಪರವಾಗಿಲ್ಲ."

ಬೇಕರಿಯವನು ಆ ಮಧ್ಯಾಹ್ನ ಊಟ ಮಾಡಲಿಲ್ಲ.

"ನನ್ನನ್ನ ಬರಬೇಡ ಅಂದ್ಬಿಟ್ರು ಕಣೇ."

"ಬರಬೇಡ ಅನ್ಲಿಲ್ಲ. ಮಲಗಬೇಡಿ ಅಂದ್ರು" ಎಂದಳು ಹೆಂಡತಿ. "ಮುಂದಿನ ವಾರ ಕಣ್ಣು ಮುಚ್ಚಿ ನೋಡಿ, ಛತ್ರಿ ತುದೀಲಿ ತಿವೀತೀನಿ."

"ಎಷ್ಟು ಜೋರಾಗಿ?"

"ಎಚ್ಚರ ಆಗೋಷ್ಟು."

ಮುಂದಿನ ಭಾನುವಾರ ಅವನು ಮೂರು ಲೋಟ ಚಹಾ ಕುಡಿದು, ಕೆನ್ನೆಯೊಳಗೆ ನಾಲ್ಕು ಮೆಣಸಿನ ಕಾಳಿಟ್ಟುಕೊಂಡು, ಎರಡು ಸೈಜು ಚಿಕ್ಕದಾದ ಭಾಮೈದನ ಶೂ ತೊಟ್ಟು ಬಂದು ಕೂತ. ಛತ್ರಿಗೆ ಕೆಲಸವೇ ಬೀಳಲಿಲ್ಲ. ಕೆಂಪಗಾದ ಎರಡು ಕಣ್ಣು ಮಿಟುಕಿಸದೆ ಪಾಸ್ಟರನ್ನೇ ನೋಡುತ್ತಿದ್ದವು. ಇಷ್ಟೊಂದು ಗಮನವನ್ನು ಪಾಸ್ಟರು ಈವರೆಗೆ ಕಂಡಿರಲಿಲ್ಲ. ಎರಡನೆಯ ಅಂಶದಿಂದ ನಾಲ್ಕನೆಯದಕ್ಕೆ ಹಾರಿದರು, ಮತ್ತೆ ಮೂರಕ್ಕೆ ಬಂದರು, ಒಂದು ಉದಾಹರಣೆಯನ್ನು ಎರಡು ಸಲ ಹೇಳಿದರು. ನಲವತ್ತನೇ ನಿಮಿಷಕ್ಕೆ ಇಡೀ ಸಭೆ ಮೂರನೇ ಬೆಂಚಿನತ್ತ ತಿರುಗಿತು. ಬೇಕರಿಯವನು ತುಟಿ ಕಚ್ಚಿ ಹಿಡಿದ. ಪಾಸ್ಟರು ಗಡಿಯಾರ ನೋಡಿಕೊಂಡರು. ಉಳಿದ ಹಾಳೆಗಳನ್ನು ಮಡಚಿಟ್ಟು, "ಪ್ರಾರ್ಥಿಸೋಣ" ಎಂದರು.

ಜನ ಚದುರಿದ ಮೇಲೆ ಅವರು ಬೆಂಚಿನ ಹತ್ತಿರ ಬಂದಾಗ ಬೇಕರಿಯವನು ಶೂ ಕೀಳಲು ಒದ್ದಾಡುತ್ತಿದ್ದ.

"ಪ್ರಸಂಗ ಹೇಗಿತ್ತು?"

ಅವನು ಪ್ರಾಮಾಣಿಕವಾಗಿ ಯೋಚಿಸಿದ. "ಮೇಲೆ ಚೆನ್ನಾಗಿ ಕೆಂಪಾಗಿತ್ತು ಅಯ್ಯನವರೇ. ನಡುವೆ ಸ್ವಲ್ಪ ಹಸಿ."

ಇಡೀ ಬೆಳಿಗ್ಗೆ ಸುಮ್ಮನಿದ್ದ ಛತ್ರಿ ಆಗ ತಿವಿಯಿತು. ಪಾಸ್ಟರು ಸಿಟ್ಟು ಮಾಡಿಕೊಳ್ಳಬೇಕೆಂದು ಹೊರಟು ನಕ್ಕುಬಿಟ್ಟರು. ಪಕ್ಕದಲ್ಲೇ ಕೂತರು.

"ಮನೇಲಿ ಯಾಕೆ ನಿದ್ದೆ ಮಾಡಲ್ಲ ನೀವು?"

"ಮಲಗ್ತೀನಿ, ನಿದ್ದೆ ಬರಲ್ಲ. ಕಿವಿಯೆಲ್ಲ ಭಟ್ಟಿ ಕಡೆಗೇ ಇರುತ್ತೆ. ಒಂದ್ಸಲ ಮೈಮರೆತದ್ದಕ್ಕೆ ಇಡೀ ಭಟ್ಟಿ ಬ್ರೆಡ್ಡು ಇದ್ದಿಲಾಗಿತ್ತು. ಇಲ್ಲಿ ಬಂದು ಕೂತ್ರೆ, ನೋಡ್ಕೊಳ್ಳೋರು ಬೇರೆ ಇದ್ದಾರೆ ಅನ್ಸುತ್ತೆ. ವಾರದಲ್ಲಿ ಅದೊಂದು ನಲವತ್ತು ನಿಮಿಷ ನಾನು ಏನನ್ನೂ ಕಾಯಲ್ಲ." ಅವನು ಕೊನೆಗೂ ಒಂದು ಶೂ ಕಿತ್ತು ಪಕ್ಕಕ್ಕಿಟ್ಟ. "ಅದು ಆರಾಧನೆ ಅಲ್ಲ ಅಂತ ನೀವಂದ್ರೆ ಸರಿ, ಬರಲ್ಲ."

ಹೋದ ವಾರ ಬಾಗಿಲಲ್ಲಿ ತಾವು ಆಡಿದ ಮಾತು ನೆನಪಾಗಿ ಪಾಸ್ಟರಿಗೆ ನಾಚಿಕೆಯಾಯಿತು. ಅವರು ಬಗ್ಗಿ, ಬಿಗಿಯಾಗಿ ಕಚ್ಚಿಕೊಂಡಿದ್ದ ಇನ್ನೊಂದು ಶೂವಿನ ಲಾಡಿ ಸಡಿಲಿಸಿದರು.

"ಮುಂದಿನ ವಾರ ಇದನ್ನ ಹಾಕ್ಕೊಂಡು ಬರಬೇಡಿ."

ಅವನು ಬಂದದ್ದು ತನ್ನ ಹಳೆಯ ಚಪ್ಪಲಿಯಲ್ಲಿ. ಕೀರ್ತನೆ ಮುಗಿಯಿತು. ಪಾಸ್ಟರು ಪೀಠ ಹತ್ತಿ, ಕೈಗಡಿಯಾರ ಬಿಚ್ಚಿ ಜೇಬಿಗಿಳಿಸಿದರು. ಎರಡನೇ ವಾಕ್ಯಕ್ಕೇ ಮೂರನೇ ಬೆಂಚಿನಲ್ಲಿ ಒಂದು ತಲೆ ಎದೆಗೆ ವಾಲಿತು. ಹೆಂಡತಿ ಛತ್ರಿ ಎತ್ತಿದಳು. ಪೀಠದ ಕಡೆ ನೋಡಿದಳು. ಪಾಸ್ಟರು ಬೇಡವೆಂದು ತಲೆಯಾಡಿಸಿದರು. ಅವಳು ಛತ್ರಿಯನ್ನು ಸದ್ದಾಗದಂತೆ ಬೆಂಚಿನ ಕೆಳಗಿಟ್ಟಳು.

ಮೂರನೇ ವಾಕ್ಯವನ್ನು ಪಾಸ್ಟರು ದನಿ ತಗ್ಗಿಸಿ ಹೇಳಿದರು.