ರಂಗೂಬಾಯಿಗೆ ಬಿದ್ದ ಪೆಟ್ಟು

ಬೆಳಿಗ್ಗೆ ಏಳೂವರೆಗೆ ಪುಣೆಯಲ್ಲಿ ರಂಗೂಬಾಯಿಗೆ ಪೆಟ್ಟು ಬೀಳುತ್ತಿತ್ತು. ದಿನಾ ಬೀಳುತ್ತಿತ್ತು, ಊರು ದಿನಾ ನಗುತ್ತಿತ್ತು. ಶಿವಾಜಿನಗರದ ಬಸ್ ಸ್ಟ್ಯಾಂಡಿನ ಚಹಾದಂಗಡಿಯವನು ಸೋಸುವುದನ್ನು ಅರ್ಧಕ್ಕೆ ನಿಲ್ಲಿಸಿ ರೇಡಿಯೋಕ್ಕೆ ಕಿವಿಗೊಡುತ್ತಿದ್ದ. ರಿಕ್ಷಾದವರು ಸಿಗ್ನಲ್ ಹಸಿರಾದರೂ ಒಂದು ಗಳಿಗೆ ತಡೆದು, ಪೆಟ್ಟು ಬಿದ್ದ ಮೇಲೇ ಗಾಡಿ ಬಿಡುತ್ತಿದ್ದರು.

ಈ ರಂಗೂಬಾಯಿ ಅಂದರೆ ಬೇರೆ ಯಾರೂ ಅಲ್ಲ, ಧಾರವಾಡದ ಕಡೆಯ ಪಂಢರಿನಾಥ. ಐವತ್ತರ ಹತ್ತಿರದ, ಹೊಟ್ಟೆ ಬಂದ, ಮೀಸೆಯ ಗಂಡಸು. ಗಂಟಲನ್ನು ತುಸು ಹಿಂಡಿದರೆ ಸಾಕು, ಒಳಗಿನಿಂದ ಎಂಥಾ ಬಾಯಿಬಡಕಿ ಹೆಂಗಸು ಹೊರಬೀಳುತ್ತಿದ್ದಳು ಅಂತೀರಿ! ಕಾಲೇಜಿನಲ್ಲಿ ಮಾಸ್ತರರ ದನಿ ತೆಗೆದು ಬೈಸಿಕೊಂಡಲ್ಲಿಂದ ಶುರುವಾದ ವಿದ್ಯೆ ಅದು. ಆಮೇಲೆ ಮದುವೆ ಮನೆಗಳು, ಗಣಪತಿ ಪೆಂಡಾಲುಗಳು, ಕಡೆಗೆ ರೇಡಿಯೋ. ಮೊದಮೊದಲು ಅವನ ಹಾಸ್ಯವನ್ನು ಯಾರೂ ಕೇಳುತ್ತಿರಲಿಲ್ಲ. ಒಂದು ದಿನ ಹೆಂಡತಿ ನೀಲಿಮಾ ಚಪಾತಿಗೆ ನಾದಿದ ಹಿಟ್ಟನ್ನು ಎತ್ತಿ ಅಡಿಗೆ ಕಟ್ಟೆಗೆ ಬಡಿದಳು. ಫಟ್! ಪಂಢರಿನಾಥನ ಕಿವಿ ನೆಟ್ಟಗಾಯಿತು. ಮರುದಿನ ಹಿಟ್ಟಿನ ಮುದ್ದೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಸ್ಟುಡಿಯೋಕ್ಕೆ ಒಯ್ದ. ಅಲ್ಲಿ ಸದ್ದುಗಳನ್ನು ನೋಡಿಕೊಳ್ಳುವ ತೃಪ್ತಿ ಎಂಬ ಹುಡುಗಿ ಅದನ್ನು ರೆಕಾರ್ಡ್ ಮಾಡಿ ಒಂದು ಕೆಂಪು ಗುಂಡಿಗೆ ಕೂರಿಸಿದಳು.

ಅಂದಿನಿಂದ ಅದೇ ಕ್ರಮ. ರಂಗೂಬಾಯಿ ಗಂಡನಿಗೆ ಎದುರು ಮಾತಾಡುವುದು, ಕೊನೆಗೆ "ಅಂಥಾದ್ದೇನಂದೆ ನಾ?" ಎಂದು ಮರಾಠಿಯಲ್ಲಿ ರಾಗ ಎಳೆಯುವುದು, ತೃಪ್ತಿ ಗುಂಡಿ ಒತ್ತುವುದು. ಫಟ್! ಒಂದು ದಿನಕ್ಕೆ ಒಂದೇ ಪೆಟ್ಟು. ಎರಡನೆಯದು ಹಾಕಿದರೆ ನಗು ಹಳಸುತ್ತದೆ ಎನ್ನುವುದು ಪಂಢರಿನಾಥನ ಲೆಕ್ಕಾಚಾರ.

ಭಾನುವಾರ ಅದೇ ಹೊತ್ತಿಗೆ ಹಳೆಯ ಕಂತನ್ನೇ ಮತ್ತೆ ಹಾಕುತ್ತಿದ್ದರು. ಅಂಥ ಒಂದು ಭಾನುವಾರ ಅವನು ಫೇಡೆಯ ಪೊಟ್ಟಣ ಹಿಡಿದು ಭೋಸರಿಗೆ ಹೊರಟ. ಅಕ್ಕನ ಮಗಳು ಪ್ರಣೀತಾಳ ಮನೆ ಅಲ್ಲಿತ್ತು. ಅವಳ ಗಂಡ ದೇವಾನಂದ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇಥ್ ಯಂತ್ರ ನಡೆಸುವವನು, ಪಂಢರಿನಾಥನ ಭಾರೀ ಅಭಿಮಾನಿ. "ಮಾಮಾ, ನಿಮ್ಮ ಪ್ರೋಗ್ರಾಮ್ ಕೇಳದ ನನಗ ನಾಷ್ಟಾ ಇಳಿಯೂದಿಲ್ಲ ನೋಡ್ರಿ" ಎನ್ನುತ್ತಿದ್ದ. ಹೇಳದೇ ಕೇಳದೇ ಹೋಗಿ ಅವನಿಗೆ ಖುಷಿ ಕೊಡೋಣ ಎಂದು ಹೊರಟಿದ್ದ.

ಓಣಿ ಹೊಕ್ಕರೆ ಎದುರಿಗೆ ತನ್ನದೇ ದನಿ! ಒಂದು ಮನೆಯ ಕಿಟಕಿಯಿಂದ ರಂಗೂಬಾಯಿ ಕಿವಿ ಕಿತ್ತುಹೋಗುವಂತೆ ಕೂಗುತ್ತಿದ್ದಳು. ಪಕ್ಕದ ಮನೆಯ ಅನುಸೂಯಾಬಾಯಿ ಹೊಸ್ತಿಲಲ್ಲಿ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಮೊದಲ ಸಲ ಬಂದಿದ್ದ ಅವನು ಅವಳನ್ನೇ ಮನೆ ಕೇಳಿದ.

"ಪ್ರಣೀತಾನ ಮನೀನ್ರಿ? ಅದ ನೋಡ್ರಿ, ರೇಡಿಯೋ ಕೂಗಲಿಕ್ಕೆ ಹತ್ತೇದಲ್ಲ, ಅದ. ಓಣಿಗೆಲ್ಲಾ ಅದೊಂದ ಸಾಕು. ನಾವು ಯಾರೂ ಹಚ್ಚೂದ ಇಲ್ಲ."

"ಅಂಥಾದ್ದೇನಂದೆ ನಾ?" ಎಂದಳು ರಂಗೂಬಾಯಿ. ಫಟ್!

"ಬಿತ್ತು ನೋಡ್ರಿ!" ಅನುಸೂಯಾಬಾಯಿ ನಕ್ಕಳು. ಪಂಢರಿನಾಥನೂ ನಕ್ಕ.

ಆಗ ಇನ್ನೊಂದು ಬಿತ್ತು.

ಅವನ ನಗು ಅಲ್ಲೇ ನಿಂತಿತು. ಎರಡನೆಯದು ಅವನದಲ್ಲ. ಮೂರನೆಯದು ಬಿತ್ತು. ಅದರ ಬೆನ್ನಿಗೇ ತಲೆ ಗೋಡೆಗೆ ಬಡಿದಂಥ ದಪ್ಪ ಸದ್ದು, ಸ್ಟೀಲಿನ ತಾಟು ನೆಲದ ಮೇಲೆ ಗಿರಗಿರ ತಿರುಗಿದ ಸದ್ದು. ಹಿಟ್ಟಿನ ಮುದ್ದೆಯಿಂದ ಹುಟ್ಟುವ ಸದ್ದುಗಳಲ್ಲ ಅವು. ಅನುಸೂಯಾಬಾಯಿ ಮಾತ್ರ ಇನ್ನೂ ನಗುತ್ತಲೇ ಇದ್ದಳು.

ಅವನು ಓಡಿಹೋಗಿ ಬಾಗಿಲು ಬಡಿದ. ರೇಡಿಯೋ ತಗ್ಗಿತು. ದೇವಾನಂದ ಬಾಗಿಲು ತೆರೆದ. ಹಣೆಯ ಮೇಲೆ ಬೆವರು, ಮುಖದ ತುಂಬ ನಗು. "ಅರೇ ಮಾಮಾ! ಬರ್ರಿ ಬರ್ರಿ, ನಿಮ್ಮನ್ನ ಕೇಳ್ಕೋತ ಕೂತಿದ್ವಿ."

ಒಳಗೆ ಪ್ರಣೀತಾ ಗೋಡೆಗೆ ಒರಗಿ ಕುಳಿತಿದ್ದಳು. ಕಿವಿಯೋಲೆ ಹರಿದುಕೊಂಡು ಬಂದ ಜಾಗದಿಂದ ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು. ಉಪ್ಪಿಟ್ಟು ನೆಲದ ತುಂಬ ಚೆಲ್ಲಿತ್ತು.

"ಏನಿದು ದೇವಾನಂದ?"

"ಉಪ್ಪಿಟ್ಟಿನಾಗ ಉಪ್ಪಿಲ್ಲಾಂತ ಅಂದೆ. ಎದುರು ಮಾತಾಡಿದ್ಲು."

"ಅದಕ್ಕ ಹಿಂಗ ಹೊಡೆಯೂದೇನೋ?"

"ನೀವು ದಿನಾ ಹೊಡೀತೀರಿ, ಊರು ಹೊಟ್ಟಿ ಹಿಡಕೊಂಡು ನಗತದ. ನಾ ಹೊಡದ್ರ ತಪ್ಪೇನ್ರಿ ಮಾಮಾ?"

ಪಂಢರಿನಾಥ ಅವನ ಕೊರಳಪಟ್ಟಿಗೆ ಕೈ ಹಾಕಿದ. ಕಬ್ಬಿಣ ಹಿಡಿದು ಪಳಗಿದ ದೇವಾನಂದನ ಕೈ ಪಂಢರಿನಾಥನನ್ನೇ ಒಂದೇ ಏಟಿಗೆ ಬಾಗಿಲ ಚೌಕಟ್ಟಿಗೆ ಅಪ್ಪಳಿಸಿತು. ತುಟಿ ಒಡೆದು ಬಾಯಿ ಉಪ್ಪುಪ್ಪಾಯಿತು. ದೇವಾನಂದ ಬಗ್ಗಿ, ಕೆಳಗೆ ಬಿದ್ದಿದ್ದ ಫೇಡೆಯ ಪೊಟ್ಟಣ ಎತ್ತಿ, ಧೂಳು ಕೊಡವಿ, ಗೋಡೆಯ ಮಾಡದಲ್ಲಿಟ್ಟ. "ಹಿರ್ಯಾರು ನೀವು, ಇಂಥಾದ್ರಾಗ ನಡುವ ಬರಬಾರದ್ರಿ. ಏ, ಮಾಮಾಗ ಚಹಾ ಇಡು" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದ.

"ಏಳವಾ, ನಡಿ ನನ್ನ ಕೂಡ" ಎಂದ ಪಂಢರಿನಾಥ.

"ಎರಡು ಸಲ ಮನಿ ಬಿಟ್ಟು ಹೋಗಿ ಬಂದೀನಿ ಮಾಮಾ. ಕೈಕಾಲು ಹಿಡದು ಕರಕೊಂಡು ಬರ್ತಾನ. ಓಣಿಯವರೆಲ್ಲಾ, ಬಂಗಾರದಂಥಾ ಮನಿಷಾ, ನಗನಗ್ತಾ ಇರೂ ಮನಿ, ಅಂತ ಸಾಕ್ಷಿ ಹೇಳ್ತಾರ. ಅನುಸೂಯಾಬಾಯಿ ಮುಂದ ಅತ್ತೆ. 'ಹುಚ್ಚಿ, ಅದು ರೇಡಿಯೋದ ಸಪ್ಪಳಲ್ಲೇನ' ಅಂದ್ರು." ಅವಳು ಸೆರಗಿನಿಂದ ಕಿವಿ ಒತ್ತಿಕೊಂಡಳು. "ನಿನ್ನ ಪೆಟ್ಟು ಯಾವಾಗ ಬೀಳತದ ಅಂತ ಅವಂಗ ಬಾಯಿಪಾಠ ಆಗ್ಯದ. ಅದರ ಕೂಡನ ಕೈ ಎತ್ತತಾನ. ಮಾಮಾ, ನಾಳೆ ಒಂದು ದಿನಾ ಅದನ್ನ ತಗದು ಬಿಡ. ಓಣಿಗೆ ನಂದು ಕೇಳಲಿ."

"ಅಲ್ಲೀ ತನಕ ನಿನ್ನ ಇಲ್ಲೆ ಬಿಟ್ಟು ಹೆಂಗ ಹೋಗಲವಾ?"

"ನೀ ಇದ್ರ ನಾಳೆ ಸುಮ್ನಿರ್ತಾನ, ನಾಡದು ಎರಡು ಪಾಲು ಕೊಡ್ತಾನ. ಹೋಗು, ಅವಾ ಬರೂದ್ರೊಳಗ."

ಹೊರಗೆ ಬಂದು ಅವನು ಅನುಸೂಯಾಬಾಯಿಗೆ ರೇಡಿಯೋದ ರಂಗೂಬಾಯಿ ತಾನೇ ಎಂದು ಹೇಳಿ ತನ್ನ ನಂಬರು ಕೊಟ್ಟ. "ನಾಳೆ ಮುಂಜಾನೆ ಇಲ್ಲೇ ಇರ್ರಿ, ಓಣಿಯವರನ್ನೂ ಕರ್ಕೊಳ್ರಿ. ನಾಳೆ ರೇಡಿಯೋದಾಗ ಪೆಟ್ಟು ಬೀಳೂದಿಲ್ಲ. ಏನಾರೆ ಕೇಳಿಸಿದ್ರ ಅದು ನನ್ನದಲ್ಲ." ಅವನ ಒಡೆದ ತುಟಿಯನ್ನು ಕಂಡು ಅವಳ ಕೈಯ ಸೊಪ್ಪು ಹಾಗೇ ಉಳಿಯಿತು.

ಸಂಜೆ ಫೋನಿನಲ್ಲಿ ಸ್ಟೇಷನ್ನಿನ ಮುಖ್ಯಸ್ಥ ಹರಿಶ್ಚಂದ್ರ ಎಲ್ಲವನ್ನೂ ಕೇಳಿದರು. ಉಡುಪಿ ಕಡೆಯವರು, ಕೆಟ್ಟವರೇನಲ್ಲ. "ಪಾಪದ ಹುಡುಗಿ, ಪೊಲೀಸರಿಗೆ ಹೇಳುವ. ನಾನೇ ಬರ್ತೇನೆ ಬೇಕಾದ್ರೆ. ಆದ್ರೆ ಪೆಟ್ಟು ತೆಗೀಬೇಡಿ ಮಾರಾಯ್ರೆ. ಜನ ಕಾಯುವುದೇ ಅದಕ್ಕೆ. ಅದಿಲ್ಲದಿದ್ರೆ ನಿಮ್ಮ ಹತ್ರ ಬೇರೆಂತ ಉಂಟು?"

ಮಾತು ನೆಟ್ಟಗೆ ಎದೆಗೆ ತಾಗಿತು. ಬೇರೇನುಂಟು?

ಸೋಮವಾರ ಬೆಳಿಗ್ಗೆ ಅವನು ಒಡೆದ ತುಟಿಯಲ್ಲೇ ರಂಗೂಬಾಯಿಯಾದ. ಎಂದಿನಂತೆ ಚಟಪಟ ಮಾತಾಡಿದ, ಗಂಡನ ದನಿಯಲ್ಲಿ ಗುರುಗುಟ್ಟಿದ. ಕಡೆಗೆ "ಅಂಥಾದ್ದೇನಂದೆ ನಾ?" ಎಂದು ಎಳೆದ. ತೃಪ್ತಿಯ ಬೆರಳು ಇಳಿಯಿತು. ಗುಂಡಿಯ ಮೇಲೆ ಅವನ ಅಂಗೈ ಇತ್ತು.

ಏನೂ ಕೇಳಿಸಲಿಲ್ಲ.

ರೇಡಿಯೋದವರಿಗೆ ಮೌನಕ್ಕಿಂತ ದೊಡ್ಡ ಪಾಪವಿಲ್ಲ. ಬಾಯಿಗೆ ಬಂದದ್ದು ಬಡಬಡಿಸು, ಹಾಡು ಹಾಕು, ಕೆಮ್ಮಾದರೂ ಕೆಮ್ಮು, ಸುಮ್ಮನಿರಬೇಡ. ಪಂಢರಿನಾಥ ಸುಮ್ಮನಿದ್ದ. ಗಾಜಿನ ಆಚೆಯಿಂದ ಹರಿಶ್ಚಂದ್ರ ಗಾಜು ಗುದ್ದತೊಡಗಿದರು. ತೃಪ್ತಿ "ಸರ್... ಸರ್..." ಎನ್ನುತ್ತ ಮತ್ತೆ ಕೈ ಚಾಚಿದಳು. ಅವನ ಕಣ್ಣು ನೋಡಿ ಹಿಂದೆ ತೆಗೆದುಕೊಂಡಳು. ಇಡೀ ಪುಣೆ ಉಸಿರು ಹಿಡಿದು ಒಂದು ಪೆಟ್ಟಿಗೆ ಕಾಯುತ್ತಿತ್ತು.

ಮೇಜಿನ ಮೇಲೆ ಅವನ ಫೋನು ನಡುಗಿತು. ತೃಪ್ತಿ ಮೈಕು ಬಂದ್ ಮಾಡಿ ಹಾಡು ಹಾಕಿದಳು. ಅವನು ಫೋನು ಕಿವಿಗೆ ಹಿಡಿದ. ಆ ಕಡೆ ಬಾಗಿಲ ಮೇಲೆ ಒದೆಗಳು, ಹೆಂಗಸರ ಕೂಗು, ಅವೆಲ್ಲದರ ನಡುವೆ ಪ್ರಣೀತಾಳ ಚೀರಾಟ. ಚಿಲಕ ಕಿತ್ತ ಸದ್ದು. ನಂತರ ದೇವಾನಂದನ ಗಂಟಲು: "ಏನೂ ಇಲ್ರಿ, ರೇಡಿಯೋ, ರೇಡಿಯೋ ಅದು!"

"ರೇಡಿಯೋ ಸುಮ್ನಿತ್ತೋ ಹಾಟ್ಯಾ" ಎಂದಳು ಅನುಸೂಯಾಬಾಯಿ. "ಕೈ ಬಿಡು ಆಕೀದು."

ಮೆಟ್ಟಿಲ ಬಳಿ ಹರಿಶ್ಚಂದ್ರ ಅಡ್ಡ ನಿಂತರು. "ಹೀಗೆ ಎದ್ದು ಹೋದ್ರೆ ನಾಳೆ ಬರುವುದು ಬೇಡ ಪಂಢರಿನಾಥರೇ."

"ಆಗ್ಲಿ ಸರ್" ಎಂದು ಅವನು ಇಳಿದುಹೋದ.

ಅವನು ಭೋಸರಿ ಮುಟ್ಟುವಾಗ ಓಣಿಯ ತುದಿಯಲ್ಲಿ ಪೊಲೀಸರ ಜೀಪು ತಿರುಗುತ್ತಿತ್ತು. ಹಿಂದಿನ ಸೀಟಿನಲ್ಲಿ ದೇವಾನಂದ ತಲೆ ತಗ್ಗಿಸಿ ಕುಳಿತಿದ್ದ. ಪ್ರಣೀತಾ ಅನುಸೂಯಾಬಾಯಿಯ ಹೊಸ್ತಿಲಲ್ಲಿದ್ದಳು. ಒಂದು ಕಣ್ಣು ಬಾತು ಮುಚ್ಚಿತ್ತು, ಕೈಯಲ್ಲಿ ಚಹಾದ ಲೋಟವಿತ್ತು. ಸುತ್ತ ಓಣಿಯ ಹೆಂಗಸರೆಲ್ಲ ನಿಂತಿದ್ದರು. ಅವರಲ್ಲಿ ಯಾರೂ ರಂಗೂಬಾಯಿಯ ದನಿ ಕೇಳಿಸು ಎಂದು ಅವನನ್ನು ಕಾಡಲಿಲ್ಲ. ತೆರೆದ ಬಾಗಿಲಿನ ಒಳಗಿಂದ ರೇಡಿಯೋ ಮಾತ್ರ ಇನ್ನೂ ದೊಡ್ಡ ದನಿಯಲ್ಲಿ ಹಾಡುತ್ತಿತ್ತು.

ಅವನು ಅವಳ ಎದುರು ಕುಕ್ಕರಗಾಲಲ್ಲಿ ಕುಳಿತ.

"ಮಾಮಾ" ಎಂದಳು ಪ್ರಣೀತಾ, "ಮೊದಲ ಅದನ್ನ ಬಂದ್ ಮಾಡಿ ಬಾ."

ಪಂಢರಿನಾಥ ಎದ್ದು, ಮುರಿದ ಬಾಗಿಲು ದಾಟಿ ಒಳಗೆ ಹೋಗಿ, ತನ್ನ ಕೈಯಾರೆ ರೇಡಿಯೋ ಬಂದ್ ಮಾಡಿದ.