ಅರವತ್ತೆರಡರ ಆಚೆ

ಶೇಕಡಾ ಮೂವತ್ತೊಂದಕ್ಕೆ ಬಂದು ಕಂಪ್ಯೂಟರಿನ ಪರದೆ ಮತ್ತೆ ನೀಲಿಯಾಯಿತು. ಗಂಗಾಶ್ರೀ ಕಿವಿಯ ಸಂದಿಯಲ್ಲಿ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು, ಅಚ್ಚು ಕೆಟ್ಟ ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ‘ಒಂಬತ್ತೂಕಾಲು, 31’ ಎಂದು ಬರೆದಳು. ಮೇಲಿನ ಸಾಲಿನಲ್ಲಿ ‘ಎಂಟೂ ನಲವತ್ತು, 62’ ಎಂದಿತ್ತು. ಕಂಪ್ಯೂಟರ್ ಆರಿಸಿದಳು, ಸಿ.ಡಿ.ಯನ್ನು ಸೆರಗಿನ ತುದಿಯಿಂದ ಒರೆಸಿದಳು, ಒಳಗೆ ತಳ್ಳಿ ವಿಂಡೋಸನ್ನು ಮತ್ತೆ ಮೊದಲಿನಿಂದ ಹಾಕತೊಡಗಿದಳು.

“ಎಷ್ಟಾತ್ರೀ ಅಕ್ಕಾರೆ ಸ್ಕೋರು?” ಟ್ರೆಡಲ್ ಅಚ್ಚುಯಂತ್ರದ ಹತ್ತಿರದಿಂದ ಹೂವಪ್ಪ ಕೇಳಿದ. ಇಪ್ಪತ್ತು ವರ್ಷದಿಂದ ಆ ಪ್ರೆಸ್ಸಿನಲ್ಲಿ ಬಿಲ್ ಪುಸ್ತಕ, ಕರಪತ್ರ ಅಚ್ಚು ಹಾಕಿಕೊಂಡು ಬಂದವನು ಅವನು.

“ಮೂವತ್ತೊಂದಕ್ಕೆ ಔಟ್.”

“ಮದುಮಗಳು ಮುನಿಸ್ಕೊಂಡಾಳೆ ಬಿಡ್ರಿ. ಸಂಜಿಗೆ ಸೊರಬಕ್ಕೆ ಕೊಟ್ಟು ಕಳಿಸ್ತೀರಲ್ಲ, ಅದಕ್ಕೆ.”

ಕಂಪ್ಯೂಟರಿಗೆ ಮದುಮಗಳು ಎಂದು ಹೆಸರಿಟ್ಟವನು ಅವನೇ. ದೀಪಾವಳಿಗೆ ಗಂಗಾಶ್ರೀ ಅದರ ಪೆಟ್ಟಿಗೆಗೆ ಮರೂನ್ ವೆಲ್ವೆಟ್ಟಿನ ಗೌನು ಹೊಲಿದಿದ್ದಳು. ಸಿ.ಡಿ. ಹಾಕುವಲ್ಲಿ, ಗುಂಡಿ ಒತ್ತುವಲ್ಲಿ ಅಳತೆಗೆ ಸರಿಯಾಗಿ ಕತ್ತರಿಸಿ ಜರಿ ಅಂಚು ಕೊಟ್ಟಿದ್ದಳು. ರಸ್ತೆಯ ಧೂಳು ಹೋಗಬಾರದೆಂದು ಹಿಂಭಾಗಕ್ಕೆ ವೈರು ಹಾಯುವಷ್ಟೇ ತೂತು ಬಿಟ್ಟು ಬಿಗಿಯಾಗಿ ಹೊಲಿಗೆ ಹಾಕಿದ್ದಳು. ಲಗ್ನಪತ್ರಿಕೆ ಮಾಡಿಸಲು ಬಂದವರೆಲ್ಲ ಅದನ್ನೊಮ್ಮೆ ಮುಟ್ಟಿ ನೋಡುತ್ತಿದ್ದರು.

ಶಿಕಾರಿಪುರದ ಬಸ್ ನಿಲ್ದಾಣದ ರಸ್ತೆಯಲ್ಲಿದ್ದ ಆ ಪ್ರೆಸ್ಸು ಅವಳ ಗಂಡ ರೇಣುಕಾಪ್ರಸಾದನದು. ಎರಡು ವರ್ಷದ ಹಿಂದೆ, ತೊಂಬತ್ತಾರರಲ್ಲಿ, ಶಿವಮೊಗ್ಗದಿಂದ ಈ ಹಳೆಯ ಕಂಪ್ಯೂಟರನ್ನು ಕೊಂಡು ತಂದಾಗ ಮನೆಯಲ್ಲಿ ಟೈಪಿಂಗ್ ಗೊತ್ತಿದ್ದದ್ದು ಅವಳೊಬ್ಬಳಿಗೆ. ಹಾಗೆ ಅವಳು ಈ ಕುರ್ಚಿಗೆ ಬಂದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಇಲ್ಲಿ ಯಾರೂ ಅವಳನ್ನು ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳುತ್ತಿರಲಿಲ್ಲ. ವಧುವಿನ ಹೆಸರನ್ನು ಯಾವ ಅಕ್ಷರದಲ್ಲಿ ಹಾಕಿದರೆ ಚಂದ ಎಂದು ಕೇಳುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಕಂಪ್ಯೂಟರ್ ಕೆಲಸದ ನಡುವೆ ನಿಂತುಬಿಡತೊಡಗಿತು. ಶಿವಮೊಗ್ಗದ ಮೆಕ್ಯಾನಿಕ್ ವಿಂಡೋಸನ್ನು ಹೊಸದಾಗಿ ಹಾಕಿದರೆ ಸರಿಹೋಗುತ್ತದೆಂದು ಸಿ.ಡಿ. ಕೊಟ್ಟು, ಹೇಗೆಂದು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದ. ಹಾಕಲು ಹೋದರೆ ಅದೂ ಅರ್ಧಕ್ಕೆ ನಿಂತಿತು. ಫೋನು ಮಾಡಿದಾಗ ಹಾರ್ಡ್ ಡಿಸ್ಕ್ ಹೋಗಿದೆ, ಹಳೆಯ ಮಾಲಿಗೆ ಹೊಸದು ಹಾಕುವುದು ದಂಡ ಎಂದ. ಸೊರಬದ ತೀರ್ಥೇಶ್ ಎಂಬವರು ಕಂಪ್ಯೂಟರ್ ಕ್ಲಾಸ್ ತೆರೆಯುತ್ತಿದ್ದಾರೆ, ಬಿಡಿಭಾಗಕ್ಕೆಂದು ಇದನ್ನು ಒಯ್ಯುತ್ತಾರೆ, ಶನಿವಾರ ನಾಲ್ಕಕ್ಕೆ ಬರುತ್ತಾರೆ ಎಂದು ರೇಣುಕಾಪ್ರಸಾದ ಹೇಳಿದ್ದ. ಇನ್ನು ಮೇಲೆ ಅಕ್ಷರದ ಕೆಲಸವನ್ನು ಶಿವಮೊಗ್ಗಕ್ಕೇ ಕೊಟ್ಟರಾಯಿತು. “ನೀನು ಮನೆಯಾಗೆ ಆರಾಮಾಗಿರು” ಎಂದಿದ್ದ. ಅದನ್ನು ಅವನು ಪ್ರೀತಿಯಿಂದಲೇ ಹೇಳಿದ್ದ.

ಇವತ್ತೇ ಶನಿವಾರ. ಅವನು ಲಗ್ನಪತ್ರಿಕೆಯೊಂದರ ಕೆಲಸ ತರಲು ಬೈಕಿನಲ್ಲಿ ಅಂಜನಾಪುರಕ್ಕೆ ಹೋಗಿದ್ದ.

ಒಂಬತ್ತೂ ನಲವತ್ತಕ್ಕೆ ಸ್ಕೋರು ಹದಿನೆಂಟು. ಹತ್ತಕ್ಕೆ ಕರೆಂಟು ಹೋಯಿತು. ಗಂಗಾಶ್ರೀ ಕುರ್ಚಿಯ ತುದಿಯಲ್ಲೇ ಕೂತು ರಸ್ತೆ ನೋಡಿದಳು. ಎರಡು ಗಂಟೆ ಸುಮ್ಮನೆ ಹಾಳಾಯಿತೆಂದು ಕೆಇಬಿಯವರನ್ನು ಮನಸ್ಸಿನಲ್ಲೇ ಬೈದಳು. ಹನ್ನೆರಡಕ್ಕೆ ಕರೆಂಟು ಬಂತು. ಈ ಸಲ ಹದಿನೆಂಟೂ ದಾಟಿತು, ಮೂವತ್ತೊಂದೂ ದಾಟಿತು, ಐವತ್ತೆಂಟರವರೆಗೆ ಓಡಿ ನಿಂತಿತು. ಮುಂದಿನ ಸಲ ಮತ್ತೆ ಇಪ್ಪತ್ತೊಂಬತ್ತು.

ಅವಳು ಪೆನ್ಸಿಲ್ ಕಚ್ಚಿಕೊಂಡು ಅಂಕಿಗಳನ್ನು ನೋಡುತ್ತ ಕೂತಳು. ಸಿ.ಡಿ.ಗೆ ಗೀರು ಬಿದ್ದಿದ್ದರೆ ಪ್ರತಿಸಲವೂ ಅದೇ ಜಾಗದಲ್ಲಿ ನಿಲ್ಲಬೇಕು. ಡಿಸ್ಕ್ ಹಾಳಾಗಿದ್ದರೂ ಹಾಗೇ ಅಲ್ಲವೇ? ರಾತ್ರಿಯೆಲ್ಲ ಮಲಗಿದ್ದ ಯಂತ್ರ ಬೆಳಿಗ್ಗೆ ಅರವತ್ತೆರಡು ಓಡಿದೆ. ಎರಡು ಗಂಟೆ ಮಲಗಿ ಎದ್ದು ಐವತ್ತೆಂಟು. ಮಲಗಲು ಬಿಡದೆ ಎಬ್ಬಿಸಿದಾಗಲೆಲ್ಲ ಬೇಗ ಬಿದ್ದಿದೆ. ಕೈಯನ್ನು ಗೌನಿನ ಕೆಳಗೆ ತೂರಿಸಿದಳು. ತಗಡು ಸುಡುತ್ತಿತ್ತು.

“ಹೂವಪ್ಪಾ, ಸ್ಕ್ರೂಡ್ರೈವರ್ ಕೊಡು.”

“ಮುಚ್ಚಳ ತೆಗೀಬ್ಯಾಡ ಅಂದಾರಲ್ರೀ ಸಾವುಕಾರ್ರು.”

“ಹೆಂಗೂ ನಾಲ್ಕು ಗಂಟೆಗೆ ಮಾರಾಟ ಆಗೋದು. ಕೊಡು.”

ಗೌನು ಕಳಚಿದಳು. ಹಿಂಭಾಗದ ಫ್ಯಾನಿನ ಜಾಲರಿಗೆ ಮರೂನ್ ಬಣ್ಣದ ನಾರು ರೊಟ್ಟಿಯಷ್ಟು ದಪ್ಪಗೆ ಅಂಟಿತ್ತು. ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದರೆ ಒಳಗೆ ಯಂತ್ರವನ್ನು ತಣ್ಣಗಿಡುವ, ಬಿಸ್ಕತ್ತಿನಷ್ಟು ಅಗಲದ ಇನ್ನೊಂದು ಫ್ಯಾನು. ಅದರ ಕೊರಳಿಗೆ ವೆಲ್ವೆಟ್ಟಿನ ನೂಲು ಸುತ್ತಿಕೊಂಡು ಅದು ತಿರುಗುವುದನ್ನೇ ಬಿಟ್ಟಿತ್ತು. ಗಂಗಾಶ್ರೀಗೆ ಮುಖ ಬಿಸಿಯಾಯಿತು, ಹಿಂದೆಯೇ ನಗುವೂ ಬಂತು. ಮೂರು ತಿಂಗಳಿಂದ ಮೆಕ್ಯಾನಿಕ್ಕನ್ನು ಕಾಡಿಸಿದ್ದ ರೋಗವನ್ನು ಅವಳೇ ಜರಿ ಅಂಚು ಕೊಟ್ಟು ಹೊಲಿದಿದ್ದಳು.

ಸೆರಗಿನ ಪಿನ್ನು ತೆಗೆದು ಎಳೆ ಎಳೆಯಾಗಿ ನೂಲು ಬಿಡಿಸಿದಳು. ಹೂವಪ್ಪ ಬೆಂಕಿಕಡ್ಡಿಯ ತುದಿಯಲ್ಲಿ ಟ್ರೆಡಲ್ಲಿನ ಎಣ್ಣೆ ಒಂದು ತೊಟ್ಟು ತಂದು ಹಿಡಿದ. ಬೆರಳಿನಿಂದ ತಿರುವಿದರೆ ಫ್ಯಾನು ಹಗುರಾಗಿ ಸುತ್ತಿತು. ತಗಡು ತಣ್ಣಗಾಗುವವರೆಗೆ ಕಾದು, ಮುಚ್ಚಳ ತೆರೆದೇ ಇಟ್ಟು, ಎರಡೂವರೆಗೆ ಮತ್ತೆ ಶುರು ಮಾಡಿದಳು.

ಹದಿನೆಂಟು. ಮೂವತ್ತೊಂದು. ಅವಳಿಗೆ ಕೂರಲು ಆಗಲಿಲ್ಲ, ನಿಂತೇ ನೋಡಿದಳು. ಐವತ್ತರ ಹೊತ್ತಿಗೆ ಹೂವಪ್ಪ ಟ್ರೆಡಲ್ ನಿಲ್ಲಿಸಿ ಬಂದು ಅವಳ ಹಿಂದೆ ನಿಂತ. ಐವತ್ತೆಂಟರಲ್ಲಿ ನೀಲಿ ಗೀಟು ತಡೆದು ತಡೆದು ಸರಿಯಿತು. ಅರವತ್ತೆರಡಕ್ಕೆ ಬಂದು ನಿಂತಿತು. ಸಿ.ಡಿ. ಒಳಗೆ ಗೊರಗೊರ ಎಂದಿತು.

ಅರವತ್ಮೂರು.

“ದಾಟ್ತು,” ಎಂದ ಹೂವಪ್ಪ ಪಿಸುಮಾತಿನಲ್ಲಿ, ಜೋರಾಗಿ ಹೇಳಿದರೆ ಹಿಂದಕ್ಕೆ ಹೋಗುತ್ತದೇನೋ ಎಂಬಂತೆ.

ರೇಣುಕಾಪ್ರಸಾದ ಮೂರೂವರೆಗೆ ಬಂದಾಗ ಪರದೆಯ ಮೇಲೆ ವಿಂಡೋಸಿನ ಮೋಡಗಳ ಚಿತ್ರವಿತ್ತು, ಅವಳು ಕನ್ನಡದ ಅಕ್ಷರಶೈಲಿಗಳನ್ನು ಫ್ಲಾಪಿಯಿಂದ ಒಂದೊಂದಾಗಿ ಹಾಕುತ್ತಿದ್ದಳು. ಅವನು ಬಾಗಿಲಲ್ಲೇ ನಿಂತ. ಅವಳು ಗೌನಿನ ಕಥೆಯನ್ನು ಮುಚ್ಚಿಡದೆ ಹೇಳಿದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಮಾರುವುದು ಬೇಡ ಎಂದ, ಅಂಜನಾಪುರದ ಲಗ್ನಪತ್ರಿಕೆಯನ್ನು ಇವತ್ತೇ ಹೊಡೆದುಬಿಡು ಎಂದ. ಕುರ್ಚಿ ಉಳಿಯಿತು.

ನಾಲ್ಕಕ್ಕೆ ತೀರ್ಥೇಶ್ ಬಂದ. ಇಪ್ಪತ್ತೈದರ ಆಸುಪಾಸಿನ ಹುಡುಗ, ಪೆಟ್ಟಿಗೆ ಕಟ್ಟಿಕೊಂಡು ಹೋಗಲು ಗೋಣಿ ತಂದಿದ್ದ. ವಿಷಯ ತಿಳಿದು ಬೇಸರ ಮಾಡಿಕೊಳ್ಳಲಿಲ್ಲ. ಗಂಗಾಶ್ರೀ ಬರೆದಿಟ್ಟ ಅಂಕಿಗಳ ಪಟ್ಟಿಯನ್ನು ಕೈಗೆತ್ತಿಕೊಂಡು ಎರಡು ಸಲ ಓದಿದ.

“ನನ್ನ ಹತ್ರನೂ ಒಂದಿದೆ ಮಾರಾಯ್ರೆ. ವಿಂಡೋಸ್ ಹಾಕ್ತಾ ಹಾಕ್ತಾ ನಿಂತ್ಬಿಡ್ತದೆ. ಅದಕ್ಕೇ ಇದರ ಸಾಮಾನು ಹಾಕಿ ನೋಡುವ ಅಂತ ಬಂದದ್ದು.”

“ಬೆಳಿಗ್ಗೆ ಮೊದಲ್ನೇ ಸಲ ಜಾಸ್ತಿ ಓಡ್ತೈತಾ?”

“ಇಲ್ಲಕ್ಕ. ಬೆಳಿಗ್ಗೆ, ಮಧ್ಯಾಹ್ನ ಎಲ್ಲ ಒಂದೇ. ಹದಿನಾಲ್ಕಕ್ಕೆ ಸರಿಯಾಗಿ ನಿಲ್ತದೆ.”

ಹಾಗಾದರೆ ಅದು ಬಿಸಿಯಲ್ಲ. ಯಾವಾಗಲೂ ಹದಿನಾಲ್ಕೇ. ಅವಳ ತಲೆಯಲ್ಲಿ ಏನೋ ಎದ್ದು ಕೂತಿತು. ಬೇರೆ ಸಿ.ಡಿ. ಹಾಕಿದರೆ ಎಲ್ಲಿ ನಿಲ್ಲುತ್ತದೆ? ಡಿಸ್ಕನ್ನು ಬದಲಿಸಿದರೆ? ಮುಚ್ಚಳ ತೆಗೆದು ಒಮ್ಮೆ ನೋಡಬೇಕು ಅನ್ನಿಸಿತು.

“ನೀವೇ ಒಂದ್ಸಲ ಬಂದು ನೋಡ್ತೀರಾ? ಸೊರಬ ಬಸ್ ಸ್ಟ್ಯಾಂಡ್ ಎದುರಿಗೇ, ಮಹಡಿ ಮೇಲೆ. ಭಾನುವಾರನೂ ತೆಗ್ದಿರ್ತೇನೆ.”

ರೇಣುಕಾಪ್ರಸಾದ ನಕ್ಕ. “ಅವಳಿಗೆಲ್ಲಿ ಆಗ್ತೈತ್ರೀ? ಮನೆ ಯಾರು ನೋಡ್ತಾರೆ? ಹಬ್ಬಕ್ಕೆ ತವರಿಗೆ ಹೋಗಾಕೇ ಪುರುಸೊತ್ತಿಲ್ಲ ಅವಳಿಗೆ.”

ಅವಳ ಗುಣವನ್ನು ಹೊಗಳುವವನಂತೆ ಹೇಳಿದ. ಗಂಗಾಶ್ರೀ ಅಂಜನಾಪುರದ ಹಾಳೆಯನ್ನು ಹತ್ತಿರ ಎಳೆದುಕೊಂಡು ವರನ ಅಜ್ಜನ ಹೆಸರಿನಿಂದ ಟೈಪು ಮಾಡತೊಡಗಿದಳು.

ಸಂಜೆ ಮನೆಗೆ ಹೊರಟವಳು ಬಸ್ ನಿಲ್ದಾಣದ ಒಳಗೆ ಹಾಯ್ದು ಹೋದಳು. ವೇಳಾಪಟ್ಟಿಯ ಮುಂದೆ, ಯಾರಿಗೋ ಕಾಯುವವಳ ಹಾಗೆ, ಸ್ವಲ್ಪ ಹೊತ್ತು ನಿಂತಳು. ಸೊರಬಕ್ಕೆ ಬೆಳಿಗ್ಗೆ ಎಂಟೂಕಾಲಿಗೆ ಒಂದು ಬಸ್ಸಿತ್ತು.

ಅಡುಗೆಮನೆಯಲ್ಲಿ ದೋಸೆಗೆ ಅಕ್ಕಿ ಅಳೆಯುವಾಗ ಅತ್ತೆ ಬಸವಣ್ಣೆಮ್ಮ ನೋಡುತ್ತಿದ್ದರು. ಎರಡು ಪಾವಾದ ಮೇಲೂ ಸೊಸೆ ನಿಲ್ಲಿಸಲಿಲ್ಲ.

“ನಾಕು ಪಾವು ಯಾಕವ್ವ? ಯಾರಾರ ಬರ್ತಾರೇನು?”

“ಇಲ್ಲತ್ತೆ. ಹಿಟ್ಟಿದ್ರೆ ನಾಳೆ ಮಧ್ಯಾಹ್ನಕ್ಕೂ ಆಗ್ತೈತೆ.”

ಅಕ್ಕಿ ತೊಳೆದು ದೊಡ್ಡ ಪಾತ್ರೆಗೆ ನೀರು ತುಂಬಿದಳು. ನೀರು ಬೆಳ್ಳಗೆ ಕದಡಿತು. ಅದು ತಿಳಿಯಾಗಿ ತಳದ ಅಕ್ಕಿ ಕಾಳು ಕಾಳಾಗಿ ಕಾಣುವವರೆಗೆ ಅವಳು ಅಲ್ಲೇ ನಿಂತಿದ್ದಳು.